ಒಂದು ಕುಟ್ಟಿದರೆ ಸರಿ

ಫೆಬ್ರವರಿ ೧೧, ಭಾನುವಾರ

ಮತ್ತೆ ವಿಮಾನದ ಬಾಲದೊಳಗೆ. ತಿಂಡಿ ಮುಗಿಸಿ ಹೊಕ್ಕವಳು ಊಟದ ಹೊತ್ತಿಗೆ ಹೊರಬಿದ್ದೆ. ಹಲಗೆಯ ಮೇಲೆ ಮಗ್ಗುಲಾಗಿ ಮಲಗಿ, ಬಲಗೈ ಪೂರ್ತಿ ಚಾಚಿ, ತಗಡಿನ ಹಿಂದೆ ಗಟ್ಟಿ ಒತ್ತಿ ಹಿಡಿಯುವುದು ನನ್ನ ಕೆಲಸ. ಗಟ್ಟಿ ಅಂದರೆ ಒಂದು ಕಬ್ಬಿಣದ ತುಂಡು. ಗಾತ್ರದಲ್ಲಿ ಸೋಪು, ತೂಕದಲ್ಲಿ ನನ್ನ ಮದುವೆ.

ಹೊರಗಿನಿಂದ ಮಾವ ರಿವೆಟ್ ಗನ್ ಒತ್ತುತ್ತಾರೆ — ಟರ್ರ್. ಒಳಗೆ ರಿವೆಟ್ಟಿನ, ಅಂದರೆ ತಗಡು ಜೋಡಿಸುವ ಮೊಳೆಯ, ತುದಿ ಗಟ್ಟಿಗೆ ಬಡಿದು ಚಪ್ಪಟೆಯಾಗಬೇಕು. ಅಂಗಿಯ ಗುಂಡಿಯ ಹಾಗೆ ದುಂಡಗೆ ಕೂತರೆ ಸರಿ. ಒಂದು ಕಡೆಗೆ ಮಡಚಿಕೊಂಡರೆ ಹಾಳು. ಹೊರಗೆ ನಿಂತವರಿಗೆ ಅದು ಕಾಣುವುದಿಲ್ಲ. ನನ್ನ ಬೆರಳಿಗೆ ತಿಳಿಯುತ್ತದೆ.

ಇಬ್ಬರ ಕಿವಿಗೂ ಮುಚ್ಚಳ. ಕೂಗಿದರೆ ಕೇಳುವುದಿಲ್ಲ, ಕೇಳಿದರೂ ನಾವು ಮಾತಾಡುವವರಲ್ಲ. ಅದಕ್ಕೇ ಮಾವನ ಕಾನೂನು. ಗಟ್ಟಿಯಿಂದ ತಗಡಿಗೆ ಒಂದು ಕುಟ್ಟಿದರೆ — ಸರಿ, ಮುಂದಿನದು. ಎರಡು — ಇನ್ನೊಂದಿಷ್ಟು ಹೊಡಿ. ಮೂರು — ಹಾಳಾಯಿತು, ಕೊರೆದು ತೆಗೆ. ತಗಡಿನ ಮೇಲಿಟ್ಟ ಅವರ ಅಂಗೈಗೆ ಗೊತ್ತಾಗುತ್ತದೆ.

ಮದುವೆಯಾಗಿ ಇಷ್ಟು ವರ್ಷಕ್ಕೆ ಈ ಮನುಷ್ಯನಿಗೆ ನಾನು ಎದುರು ಹೇಳುವ ಹಾಗಿರುವುದು ಅದೊಂದೇ. ಮೂರು ಸಲ ಕುಟ್ಟುವುದು. ಇವತ್ತು ಸುಮಾರು ಸಲ ಕುಟ್ಟಿದೆ. ಖುಷಿಯಾಯಿತು.

ಸಂಜೆ ಮಾವ ಕನ್ನಡಿ, ಟಾರ್ಚು ಹಿಡಿದು ಬಗ್ಗಿ, ನಾನು ಒಪ್ಪಿದ್ದನ್ನೆಲ್ಲ ಮತ್ತೆ ನೋಡಿದರು. ಉದ್ದ ಹಿಡಿಯ ಪುಟ್ಟ ಕನ್ನಡಿ, ಹಲ್ಲಿನ ಹಿಂಭಾಗ ನೋಡುವಂಥದು. ನಾನೇ ಕ್ಲಿನಿಕ್‌ನಿಂದ ತಂದುಕೊಟ್ಟದ್ದು. ಡಾಕ್ಟರು ಹಲ್ಲು ಕೀಳುವಾಗ ಪಕ್ಕದಲ್ಲಿ ನಿಂತು ದಿನವಿಡೀ ಕತ್ತಲ ಬಾಯಿ ನೋಡುವವಳು ನಾನು. ನನ್ನ ಕೈಕೆಲಸದ ಮೇಲೆ ನನ್ನದೇ ಕನ್ನಡಿ ಹಿಡಿದು ತಪಾಸಣೆ. ಮೈ ಉರಿಯಿತು.

ಫೆಬ್ರವರಿ ೧೪

ಹಾಲ್‌ನಲ್ಲಿ ಸೋಫಾದ ಮೇಲೆ ಎಡರೆಕ್ಕೆ ತೂಗುಹಾಕಿದ್ದಾರೆ. ಟಿವಿ ನೋಡಬೇಕಾದರೆ ತಲೆ ತಗ್ಗಿಸಿ ಕೂರಬೇಕು. ಬಲರೆಕ್ಕೆ ನಮ್ಮ ಮಲಗುವ ಕೋಣೆಯ ಗೋಡೆಗೆ. ಗ್ಯಾರೇಜಿನಲ್ಲಿ ವಿಮಾನದ ಮೈ ಹಿಡಿಯದೆ, ನಡುವಿನ ಬಾಗಿಲು ಕಿತ್ತು, ಬಾಲವನ್ನು ಅಡುಗೆಮನೆಯೊಳಗೆ ತೂರಿಸಿದ್ದಾರೆ. ಒಲೆಯ ಮುಂದೆ ನಿಂತರೆ ಬೆನ್ನಿಗೆ ಬಾಲ ಚುಚ್ಚುತ್ತದೆ.

ಇವರಿಗೆ ಹೇಳಿದೆ. ‘ಅಪ್ಪನ ಆಸೆ ಅಲ್ವಾ’ ಅಂದರು. ನನ್ನ ಗಂಡನಿಗೆ ಅಪ್ಪನ ಎದುರು ಬರುವುದು ಒಂದೇ ಮಾತು: ಆಯ್ತಪ್ಪ. ವಿಮಾನ ಹಾರಿಸುವ ಲೈಸೆನ್ಸ್ ಮಾಡಿಸಿಕೊಂಡದ್ದೂ ಆಯ್ತಪ್ಪ ಅಂತಲೇ. ಅಪ್ಪ ಮಗ ಇಬ್ಬರೂ ಒಂದೇ ಕ್ಲಬ್ಬಿನಲ್ಲಿ ಕಲಿತವರು. ಅಪ್ಪ ಆಸೆಪಟ್ಟು ಕಲಿತರು, ಮಗ ಬೈಸಿಕೊಂಡು ಕಲಿತರು.

ಮಾವ ರಿಟೈರ್ ಆಗುವವರೆಗೆ ಲಿಫ್ಟ್ ಇನ್ಸ್‌ಪೆಕ್ಟರ್. ಆಯುಸ್ಸೆಲ್ಲ ಹಗ್ಗಕ್ಕೆ ಕಟ್ಟಿದ ಪೆಟ್ಟಿಗೆಗಳ ತಪ್ಪು ಹುಡುಕಿದವರು. ಈಗ ಹಗ್ಗವಿಲ್ಲದ್ದು ಬೇಕಂತೆ. ತಪ್ಪು ಹುಡುಕುವ ಚಟ ಮಾತ್ರ ಹೋಗಿಲ್ಲ. ಲಿಫ್ಟ್ ಇಲ್ಲ, ನಾನಿದ್ದೇನೆ. ಅತ್ತೆ ಇದ್ದಾಗ ನಮ್ಮಿಬ್ಬರ ನಡುವೆ ಒಂದು ಗೋಡೆ ಇತ್ತು. ಅವರು ಹೋದರು, ಮನೆಯಲ್ಲೇ ವಿಮಾನ ಜೋಡಿಸುವ ಈ ಕಿಟ್ಟಿನ ಪೆಟ್ಟಿಗೆಗಳು ಬಂದವು.

ಮೊದಲ ಹಾರಾಟ ತಾನೇ ಮಾಡುವುದು ಅಂತ ಮಾವ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾರೆ. ಮಾಡಲಿ.

ಮಾರ್ಚ್ ೩, ಭಾನುವಾರ

ನಗು ತಡೆಯಲಾಗಲಿಲ್ಲ. ಬಾಲದ ಹಿಂದೆ ಮೇಲೆ ಕೆಳಗೆ ಆಡುವ ಎರಡು ಪಟ್ಟಿ ಬರುತ್ತವೆ, ಎಡಕ್ಕೊಂದು, ಬಲಕ್ಕೊಂದು. ಒಂದು ತಿಂಗಳಿಂದ ಮಾವ ಒಬ್ಬರೇ ಕೂತು ಅವೆರಡನ್ನೂ ಕಟ್ಟಿದರು, ಯಾರನ್ನೂ ಹತ್ತಿರ ಸೇರಿಸದೆ. ಇವತ್ತು ಜೋಡಿಸಲು ಎತ್ತಿಕೊಂಡರೆ ಎರಡೂ ಎಡಗಡೆಯವು!

ನಕ್ಷೆ ಅಲ್ಲೇ ಗೋಡೆಯಲ್ಲಿತ್ತು. ಎಡ, ಬಲ ಅಂತ ಬರೆದೂ ಇತ್ತು. ಅಕ್ಷರ ಸಣ್ಣದು, ಒಪ್ಪುತ್ತೇನೆ. ಆದರೂ... ‘ಮಾವ, ಇದು ಹಾರಿದರೆ ಸುತ್ತುತ್ತಲೇ ಇರುತ್ತೆ’ ಅಂದುಬಿಟ್ಟೆ. ಇವರು ನೆಲ ನೋಡಿದರು. ಮಾವ ನನ್ನತ್ತ ನೋಡಿದರು. ಸರಿಯಾಗಿ ಮುಖದತ್ತ ಅಲ್ಲ, ಸ್ವಲ್ಪ ಪಕ್ಕಕ್ಕೆ. ನನ್ನ ಮುಖ ನೋಡುವುದೂ ಅವರಿಗೆ ಅಷ್ಟು ಅಸಹ್ಯ.

ಇನ್ನೊಂದು ಸಲ ಕಟ್ಟುತ್ತಾರಂತೆ. ರಾತ್ರಿ ಊಟಕ್ಕೆ ಬರಲಿಲ್ಲ.

ಮಾರ್ಚ್ ೯, ಶನಿವಾರ

ಮಾವನ ತಂಗಿ ಬಂದಿದ್ದರು, ಮಗಳು, ಅಳಿಯ, ಮೊಮ್ಮಗುವಿನ ಜೊತೆ. ರೆಕ್ಕೆಯ ಕೆಳಗೆ ಎಲ್ಲರೂ ತಲೆ ತಗ್ಗಿಸಿ ಕೂತು ಊಟ. ನಾನು ಎರಡು ಎಡಗಡೆಯ ಕತೆ ಹೇಳಿದೆ. ಹೇಳಬಾರದಿತ್ತೋ ಏನೋ. ಎಲ್ಲರೂ ನಕ್ಕರು, ಅಳಿಯನಂತೂ ಕೆಮ್ಮುವವರೆಗೆ ನಕ್ಕರು.

ಮಾವ ಕೈ ತೊಳೆದುಕೊಂಡು ಬಂದು ಕೂತರು. ತಂಗಿ ಮಾತು ಬದಲಿಸಲು, ಸೊಸೆಯೂ ಸಹಾಯ ಮಾಡ್ತಾಳಂತಲ್ಲ ಅಂದರು. ಆಗ ಮಾವ ಹೇಳಿದ್ದು, ನಿಧಾನವಾಗಿ, ಎಲ್ಲರಿಗೂ ಕೇಳುವ ಹಾಗೆ:

‘ಅವಳ ಕೈ ಚಿಕ್ಕದು, ಬಾಲದೊಳಗೆ ಹೋಗುತ್ತೆ. ಈ ಮನೆಗೆ ಅವಳಿಂದ ಆಗಿದ್ದು ಅದೊಂದೇ.’

ಯಾರೂ ನಗಲಿಲ್ಲ. ಎಲ್ಲರಿಗೂ ಅರ್ಥವಾಯಿತು. ಮಾವನ ತಂಗಿ ಮೊಮ್ಮಗುವನ್ನು ಮಡಿಲಲ್ಲಿ ಇನ್ನಷ್ಟು ಹತ್ತಿರ ಎಳೆದುಕೊಂಡರು. ನಾನೇನು ಅದನ್ನು ಕಸಿದುಕೊಳ್ಳುತ್ತೇನೆಯೆ?

ನಮಗೆ ಮಕ್ಕಳಾಗಲಿಲ್ಲ. ಎಷ್ಟು ಆಸ್ಪತ್ರೆ, ಎಷ್ಟು ಸೂಜಿ ಎಂದು ಈ ಮನುಷ್ಯನಿಗೆ ಗೊತ್ತು. ಕಾರಿನಲ್ಲಿ ಕರೆದುಕೊಂಡು ಹೋಗಿದ್ದೂ ಅವರೇ ಎರಡು ಸಲ. ಗೊತ್ತಿದ್ದೂ ಅಂದರು. ಇವರು ಲೋಟದಲ್ಲಿ ನೀರು ನೋಡುತ್ತ ಕೂತಿದ್ದರು. ಪಾತ್ರೆ ತೊಳೆಯುವಾಗ ಕೈ ಜಾರಿ ಒಂದು ತಟ್ಟೆ ಒಡೆಯಿತು. ಬೇಕೆಂದೇ ಇನ್ನೊಂದು ಒಡೆದೆ.

ಮಾರ್ಚ್ ೧೦, ಭಾನುವಾರ

ಬಾಲದ ಕೊನೆಯ ಸಾಲು ಇವತ್ತು. ಹಿಂದಿನ ಚಿಕ್ಕ ರೆಕ್ಕೆಗಳು ಕಚ್ಚಿಕೊಂಡು ಕೂರುವ ಜಾಗ. ಇದು ಬಿಟ್ಟುಕೊಂಡರೆ ಮಿಕ್ಕಿದ್ದೆಲ್ಲ ಇದ್ದೂ ಇಲ್ಲ ಅಂತ ಮಾವನೇ ನೂರು ಸಲ ಹೇಳಿದ ಜಾಗ. ಒಳಗೆ ನನ್ನ ಕೈ ಬಿಟ್ಟರೆ ಬೇರೆ ಯಾರದೂ ಹೋಗದು.

ಹೋದೆ. ಏಕೆ ಹೋದೆ ಗೊತ್ತಿಲ್ಲ. ಬರುವುದಿಲ್ಲ ಅನ್ನಬಹುದಿತ್ತು. ‘ಅದೊಂದೇ’ ಅಂದರಲ್ಲ, ಆ ಒಂದನ್ನೂ ಬಿಟ್ಟರೆ ಗೆದ್ದವರು ಅವರೇ ಅನ್ನಿಸಿತು.

ಮೊದಲ ಕೆಲವು ಸರಿಯಾಗೇ ಕೂತವು. ಆಮೇಲೆ ಒಂದು ಮಡಚಿಕೊಂಡಿತು. ಬೆರಳಾಡಿಸಿದೆ, ಬಗ್ಗಿದ ಉಗುರಿನ ಹಾಗಿತ್ತು. ಮೂರು ಕುಟ್ಟಬೇಕು. ಗಟ್ಟಿ ಎತ್ತಿದೆ. ಒಂದು ಕುಟ್ಟಿದೆ.

ಮುಂದಿನದು. ಟರ್ರ್. ಮತ್ತೆ ಒಂದು. ಆಮೇಲೆ ನಾನು ಗಟ್ಟಿಯನ್ನು ನೇರ ಹಿಡಿಯುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ಸಾಲಿನ ಕೊನೆಯವರೆಗೆ ಎಲ್ಲಕ್ಕೂ ಒಂದು, ಒಂದು, ಒಂದು. ಹಾಳಾಗಿ ಹೋಗಲಿ.

ಸಂಜೆ ಕನ್ನಡಿ ಹಿಡಿದು ಬಗ್ಗುತ್ತಾರಲ್ಲ, ಆಗ ಸಿಕ್ಕಿಬೀಳುತ್ತದೆ. ಕೂಗಾಡಲಿ. ನಾನೂ ನಿನ್ನೆಯದಕ್ಕೆ ಉತ್ತರ ಹೇಳುತ್ತೇನೆ. ಎಲ್ಲ ಮಾತೂ ತಯಾರು ಮಾಡಿಕೊಂಡು ಅಡುಗೆಮನೆಯಲ್ಲೇ ನಿಂತಿದ್ದೆ.

ಬಗ್ಗಲೇ ಇಲ್ಲ. ಗನ್ ಒರೆಸಿಟ್ಟು ಸ್ನಾನಕ್ಕೆ ಹೋದರು. ಕನ್ನಡಿ ಮೊಳೆಗೆ ತೂಗುಹಾಕಿದಲ್ಲೇ ಇತ್ತು. ಅದರ ಮೇಲೆ ಅಲ್ಯೂಮಿನಿಯಮ್ ಪುಡಿ ಕೂತಿದೆ. ಎಷ್ಟು ದಿನದಿಂದ ಮುಟ್ಟಿಲ್ಲವೋ.

ಮಾರ್ಚ್ ೧೭

ಮೇಲಿನ ತಗಡು ಮುಚ್ಚಿದರು. ಅದಕ್ಕೆ ಹೊರಗಿನಿಂದಲೇ ಕೂರುವ ರಿವೆಟ್ಟು, ನಾನು ಬೇಡ. ಇನ್ನು ಆ ಸಾಲನ್ನು ನೋಡಬೇಕಾದರೆ ಸೀಟಿನ ಹಿಂದೆ ಸಾಮಾನಿಡುವ ಕಿಂಡಿಯಿಂದ ತೆವಳಿಕೊಂಡು ಹೋಗಬೇಕು. ಈ ಮನೆಯಲ್ಲಿ ಹಾಗೆ ಹೋಗಬಲ್ಲವಳು ಒಬ್ಬಳೇ.

ಇನ್ನೂ ಹೇಳಿಲ್ಲ. ಅದರಲ್ಲಿ ಕೂರುವವರು ಅವರು. ಅವರ ವಿಮಾನ, ಅವರ ಪ್ರಾಣ. ಇಲ್ಲಿ ಯಾರೂ ಓದುವುದಿಲ್ಲ, ಆದ್ದರಿಂದ ನೇರವಾಗೇ ಬರೆಯುತ್ತೇನೆ — ಮುದುಕ ಬಿದ್ದರೆ ಬೀಳಲಿ.

ಬರೆದ ಮೇಲೆ ಎರಡು ಸಲ ಓದಿದೆ. ಹೊಡೆದುಹಾಕಿಲ್ಲ.

ಏಪ್ರಿಲ್ ೨೧

ಎಂಜಿನ್ ಬಂತು. ಇವರು ಮಗುವಿನ ಹಾಗೆ ಅದನ್ನು ಸವರುತ್ತಿದ್ದಾರೆ. ಮಾವ ದೂರ ಕುರ್ಚಿಯಲ್ಲಿ ಕೂತು ಹೇಳುತ್ತಾರೆ, ಇವರು ಮಾಡುತ್ತಾರೆ. ಮೊದಲೆಲ್ಲ ತಾನೇ ಕೈ ಹಾಕುತ್ತಿದ್ದ ಮನುಷ್ಯ ಈಗ ದೊರೆಯ ಹಾಗೆ ಕೂತುಬಿಟ್ಟಿದ್ದಾರೆ. ಕಾಫಿ ಲೋಟ ಮೇಜಿನ ಅಂಚಿನಲ್ಲಿಟ್ಟು ಬೀಳಿಸಿದರು. ನಾನು ಮೇಜು ಇಟ್ಟ ಜಾಗ ಸರಿಯಿಲ್ಲವಂತೆ.

ಜೂನ್ ೮, ಶನಿವಾರ

ವಿಮಾನದ ತಪಾಸಣೆಯವರು ಬಂದಿದ್ದರು. ಸಣಕಲು ಮನುಷ್ಯ, ಒಳ್ಳೆಯ ಬೂಟು. ಇಡೀ ದಿನ ನೋಡಿದರು. ಕಿಂಡಿಯಲ್ಲಿ ತಲೆ ತೂರಿಸಿ ಟಾರ್ಚು ಬಿಟ್ಟರು. ಕೊನೆಯ ಅಡ್ಡಪಟ್ಟಿಯ ಹಿಂದೆ, ನನ್ನ ಆ ಸಾಲಿಗೆ, ಬೆಳಕು ಹೋಗುವುದಿಲ್ಲ.

‘ಇಲ್ಲಿ ರಿವೆಟ್ ಹಿಂದೆ ಹಿಡಿದವರು ಯಾರು?’ ಅಂತ ಕೇಳಿದರು.

‘ನನ್ನ ಸೊಸೆ’ ಅಂದರು ಮಾವ. ಅಷ್ಟೇ. ಕೊಂಕಿಲ್ಲ. ತಪಾಸಣೆಯವರು ನನ್ನತ್ತ ತಿರುಗಿ, ಎಲ್ಲ ಸರಿಯಾಗಿ ಕೂತಿದೆಯಲ್ಲ ಅಮ್ಮ ಅಂದರು. ತಲೆಯಾಡಿಸಿದೆ. ಹೌದು ಅಂತಲೋ ಇಲ್ಲ ಅಂತಲೋ ನನಗೇ ಗೊತ್ತಿಲ್ಲ. ಅವರು ಹೌದು ಅಂತ ತೆಗೆದುಕೊಂಡು ಸಹಿ ಹಾಕಿದರು.

ಮಾವ ಸತ್ತರೆ ನಾನು ಅಳುತ್ತೇನೆಯೆ ಅಂತ ಯೋಚಿಸುತ್ತ ಬಟ್ಟೆ ಮಡಚಿದೆ. ನಾಲ್ಕು ಜನರ ಮುಂದೆ ಅಳಬೇಕಾಗುತ್ತದೆ. ಅಳುತ್ತೇನೆ.

ಜುಲೈ ೧೨, ಶುಕ್ರವಾರ

ಮಾವನ ಲೈಸೆನ್ಸಿನ ಮೆಡಿಕಲ್ ಪರೀಕ್ಷೆ ಇತ್ತು. ಹಾರಲು ಬಿಡುವುದಿಲ್ಲವಂತೆ. ಕಣ್ಣು.

ಪೊರೆಯಲ್ಲ, ತೆಗೆಸಿದರೆ ಹೋಗುವುದಲ್ಲ. ಕಣ್ಣಿನ ಹಿಂಭಾಗದ್ದು. ನೋಡಿದ ಕಡೆ ನಡುವೆ ಒಂದು ಮಬ್ಬು, ಅಂಚು ಮಾತ್ರ ಕಾಣುತ್ತದೆ. ವರ್ಷದ ಮೇಲಾಗಿರಬೇಕು ಅಂದರಂತೆ ಡಾಕ್ಟರು. ಒಬ್ಬರಿಗೂ ಹೇಳಿಲ್ಲ. ಮಗನಿಗೂ ಇಲ್ಲ. ಎರಡು ಎಡಗಡೆ, ಅಂಚಿನ ಲೋಟ, ನನ್ನ ಮುಖದ ಪಕ್ಕಕ್ಕೆ ನೋಡುತ್ತಿದ್ದದ್ದು... ಎಲ್ಲ ಈಗ ಲೆಕ್ಕಕ್ಕೆ ಬರುತ್ತಿದೆ.

ಊಟಕ್ಕೆ ಕೂತಾಗ ಮಾವ ಗೋಡೆ ನೋಡುತ್ತ ಇವರಿಗೆ ಅಂದರು: ‘ಮುಂದಿನ ಶನಿವಾರ ವಿಮಾನ ಸಾಗಿಸೋಕೆ ಟ್ರೇಲರ್ ಬರುತ್ತೆ. ಮೊದಲು ನೀನು ಹಾರಿಸು.’

‘ಆಯ್ತಪ್ಪ.’

ನಾನು ತಟ್ಟೆ ಎತ್ತಿಕೊಂಡು ಎದ್ದೆ.

ಜುಲೈ ೧೪, ಭಾನುವಾರ

ಇವರಿಗೆ ಬೇಡ ಅಂದೆ. ಏಕೆ ಅಂತ ಕೇಳಿದರು. ಕೆಟ್ಟ ಕನಸು ಅಂದೆ, ನಕ್ಕರು. ‘ಅಪ್ಪ ಒಂದೊಂದು ರಿವೆಟ್ಟೂ ನೋಡಿದ್ದಾರೆ ಕಣೇ, ನಿಂಗ್ಯಾಕೆ ಟೆನ್ಷನ್?’ ಹೆಲ್ಮೆಟ್ ಹಾಕಿ ತೆಗೆದು ಕನ್ನಡಿಯ ಮುಂದೆ ನಿಂತಿದ್ದರು. ಕಿವಿ ಎರಡೂ ಹೊರಗೆ ಚಾಚಿಕೊಂಡು ಹುಡುಗನ ಹಾಗೆ ಕಾಣುತ್ತಿದ್ದರು. ಇದೇ ಮನುಷ್ಯ ಅವತ್ತು ಲೋಟದ ನೀರು ನೋಡುತ್ತ ಕೂತದ್ದು. ಆ ಸಿಟ್ಟು ಹೋಗಿಲ್ಲ. ಆದರೂ ಈ ಕಿವಿಗಳಿಗೆ ಏನಾದರೂ ಆದರೆ ನಾನು ಬದುಕುವುದಿಲ್ಲ.

ಮಾವನ ಹತ್ತಿರ ಹೋದೆ. ಗ್ಯಾರೇಜಿನಲ್ಲಿ ಸ್ಟೂಲಿನ ಮೇಲೆ ಕೂತು ಬಾಲದ ತಗಡು ಸವರುತ್ತಿದ್ದರು. ಕೊನೆಯ ಸಾಲನ್ನು ಕನ್ನಡಿ ಇಟ್ಟು ನೋಡಿದಿರಾ ಅಂತ ಕೇಳಿದೆ.

‘ಇಲ್ಲ.’

ಏಕೆ ಅಂದೆ.

‘ಕನ್ನಡಿಯಲ್ಲಿ ನಂಗೆ ಏನು ಕಾಣುತ್ತೆ?’ ಆಮೇಲೆ ಸಿಟ್ಟಿನಲ್ಲೇ ಅಂದರು, ನಾನು ಬಲವಂತವಾಗಿ ಬಾಯಿಂದ ಕಿತ್ತುಕೊಂಡ ಹಾಗೆ: ‘ಫೆಬ್ರವರಿಯಿಂದ ನೋಡೋದು ಬಿಟ್ಟೆ. ನೀನು ಒಂದು ಕುಟ್ಟಿದ್ರೆ ಸರಿ ಅಂತ ಬಿಟ್ಟೆ. ನಿನ್ನ ಕೈ ತಪ್ಪಿದ್ದು ನಾನು ಕಂಡಿಲ್ಲ.’

ಇಷ್ಟು ವರ್ಷದಲ್ಲಿ ಮೊದಲ ಒಳ್ಳೆಯ ಮಾತು. ಎಂಥ ಹೊತ್ತಿನಲ್ಲಿ ಆಡಿದರು, ಪಾಪಿ. ಆಗಲೇ ಹೇಳಬೇಕಿತ್ತು. ಒಳಗೆ ಬಂದು ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಕೂತೆ.

ಜುಲೈ ೧೮, ಗುರುವಾರ. ಮಧ್ಯಾಹ್ನ

ನಾಡಿದ್ದು ಟ್ರೇಲರ್. ಕ್ಲಿನಿಕ್‌ಗೆ ಹೋಗಲಿಲ್ಲ. ಇವರು ಕೆಲಸಕ್ಕೆ ಹೋದ ಮೇಲೆ ಗ್ಯಾರೇಜಿಗೆ ಬಂದೆ. ಮಾವ ಅದೇ ಸ್ಟೂಲಿನ ಮೇಲೆ.

ಬಾಯಲ್ಲಿ ಹೇಳಲು ಬಾರದು ಅಂತ ಭಾನುವಾರದಿಂದ ಗೊತ್ತಾಗಿದೆ. ಗಟ್ಟಿ ತೆಗೆದುಕೊಂಡೆ. ಕಿಂಡಿಯಿಂದ ತೆವಳಿಕೊಂಡು ಹೋದೆ, ಮೊಣಕೈ ತರಚಿತು. ಏನು ಮಾಡ್ತಿದ್ದೀಯ ಅಂತ ಮಾವ ಕೂಗಿದರು. ಕೊನೆಯ ಸಾಲಿನಲ್ಲಿ ಆ ಮೊದಲ ಮಡಚಿದ ರಿವೆಟ್ಟಿನ ಮೇಲೆ ಬೆರಳಿಟ್ಟೆ. ಅದರ ಪಕ್ಕದಲ್ಲಿ ತಗಡಿಗೆ ಕುಟ್ಟಿದೆ.

ಒಂದು. ಎರಡು. ಮೂರು.

ಹೊರಗೆ ಸದ್ದಿಲ್ಲ. ಮುಂದಿನದಕ್ಕೆ ಹೋದೆ. ಮೂರು. ಅದರ ಮುಂದಿನದಕ್ಕೆ. ಮೂರು. ಸ್ಟೂಲು ಸರಿದ ಸದ್ದು. ಹೊರಗಿನಿಂದ ಅಂಗೈ ತಗಡಿನ ಮೇಲೆ ಬಂತು. ನಾನು ಕುಟ್ಟಿದ ಕಡೆಯೆಲ್ಲ ಅದೂ ಸರಿಯುತ್ತಿತ್ತು. ಕೊನೆಯವರೆಗೆ ಕುಟ್ಟಿದೆ. ಒಳಗೆ ಬೆವರು, ಅಳು, ಎರಡೂ ಒಂದೇ ಕಡೆಯಿಂದ ಹರಿಯುತ್ತಿತ್ತು.

ಹೊರಬಂದಾಗ ಮಾವ ಬಾಲಕ್ಕೆ ಒರಗಿ ನಿಂತಿದ್ದರು. ಮುಖ ಬಿಳಿಚಿತ್ತು.

‘ಗೊತ್ತಿದ್ದೇ ಒಂದು ಕುಟ್ಟಿದ್ದಾ?’

‘ಹೌದು.’

‘ಸಾಯಿಸೋಕೆ ಹೊರಟಿದ್ದೆಯಾ?’

‘ನಿಮ್ಮನ್ನ’ ಅಂದೆ. ‘ಇವರನ್ನಲ್ಲ.’

ಹೊಡೆಯುತ್ತಾರೆ ಅಂದುಕೊಂಡೆ. ಕೈ ಮೇಲೆದ್ದಿತ್ತು ಕೂಡ, ಆದರೆ ಅದು ಸ್ಟೂಲು ಹುಡುಕುತ್ತಿತ್ತು. ಪಕ್ಕದಲ್ಲೇ ಇತ್ತು, ಸಿಗಲಿಲ್ಲ. ನಾನು ಕಾಲಿನಿಂದ ತಳ್ಳಿದೆ. ಕೂತರು.

ಅವತ್ತು ಊಟದ ದಿನ ಅಂದದ್ದಕ್ಕಾ ಅಂತ ಕೇಳಿದರು. ಮತ್ತೇನಕ್ಕೆ ಅಂದೆ. ತಪ್ಪಾಯ್ತು ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಆಮೇಲೆ ಇವರಿಗೆ ಫೋನ್ ಮಾಡಿ, ಟ್ರೇಲರ್ ಬೇಡ ಅನ್ನು, ಕೊನೆಯ ಸಾಲು ಬಿಚ್ಚಬೇಕು, ನನ್ನದೇ ತಪ್ಪು ಅಂದರು. ನನ್ನದೇ ತಪ್ಪು — ಹಾಗೇ ಅಂದರು. ನಾನೇನು ಅವರನ್ನು ಕೇಳಿರಲಿಲ್ಲ. ಇನ್ನು ಈ ಋಣ ಬೇರೆ ಹೊರಬೇಕು.

ಅದಕ್ಕೇ ಸಂಜೆ ಇವರು ಚಪ್ಪಲಿ ಬಿಡುವ ಮೊದಲೇ ಎಲ್ಲ ಹೇಳಿಬಿಡುತ್ತೇನೆ.

ಜುಲೈ ೨೦, ಶನಿವಾರ

ಇವರು ಮಾತು ಬಿಟ್ಟಿದ್ದಾರೆ. ಇಬ್ಬರ ಹತ್ತಿರವೂ. ಹೇಳಿದಾಗ ಕೂಗಾಡಲಿಲ್ಲ. ಹೆಲ್ಮೆಟ್ ತೆಗೆದುಕೊಂಡು ಹೋಗಿ ಅಟ್ಟದ ಮೇಲೆ ಹಾಕಿದರು, ಅಷ್ಟೇ. ಸರಿಯೇ. ಇನ್ನು ಈ ಮನೆಯಲ್ಲಿ ಮಾತಾಡಿಕೊಳ್ಳುವವರು ಅಂತ ಉಳಿದದ್ದು ನಾನು, ಮಾವ. ನಮ್ಮ ಹಣೆಬರಹ.

ತಪಾಸಣೆಯವರಿಗೂ ತಿಳಿಸಿದ್ದಾಯಿತು. ಬಿಚ್ಚಿ ಮತ್ತೆ ಹಾಕಿ ಕರೆಯಿರಿ ಅಂದರು. ಕನ್ನಡಿ ಹಿಡಿದು ತಾನೇ ನೋಡುತ್ತಾರಂತೆ. ನೋಡಲಿ.

ಕೊರೆಯುವುದು ನಾನೇ. ಹೊರಗಿನಿಂದ ಒಂದೊಂದು ರಿವೆಟ್ಟಿನ ತಲೆ ಡ್ರಿಲ್‌ನಿಂದ ಹಾರಿಸಬೇಕು, ತೂತು ದೊಡ್ಡದಾಗಬಾರದು. ಹಲ್ಲಿನ ಕೆಲಸದ ಹಾಗೇ. ಮಾವ ಪಕ್ಕದಲ್ಲಿ ಕೂತು ಸದ್ದಿನಲ್ಲೇ ತಪ್ಪು ಹಿಡಿಯುತ್ತಾರೆ. ಡ್ರಿಲ್ ವಾರೆಯಾಯ್ತು, ಒತ್ತಬೇಡ, ಆತುರಗೆಟ್ಟವಳೇ. ಬಾಯಿ ಮುಚ್ಚಿಕೊಂಡು ಕೂರಿ ಅಂದೆ. ಜೋರಾಗಿ, ಮುಖದ ಎದುರೇ. ಕೂತರು.

ಜುಲೈ ೨೮, ಭಾನುವಾರ

ಹೊಸ ರಿವೆಟ್ಟು ಹಾಕಲು ಶುರು. ನಾನು ಒಳಗೆ, ಇವತ್ತು ಕಿವಿಗೆ ಮುಚ್ಚಳವಿಲ್ಲದೆ. ಹೊರಗೆ ಮಾವ, ಬೆರಳಿನಲ್ಲಿ ತೂತು ಹುಡುಕಿ ಗನ್ ಕೂರಿಸುತ್ತಾರೆ. ಇವರು ಮಾಡಲಿ ಅಂದೆ. ಅವನ ಕೈಗೆ ನಿನ್ನ ಕೈಯ ಭಾಷೆ ಗೊತ್ತಿಲ್ಲ ಅಂದರು ಮಾವ. ಇವರು ಅಡುಗೆಮನೆಯಲ್ಲಿ ಬಾಲದ ಪಕ್ಕದಲ್ಲೇ ನಿಂತು ಪೇಪರ್ ಓದುತ್ತಿದ್ದಾರೆ. ಓದುತ್ತಿಲ್ಲ. ಪುಟ ತಿರುಗುವ ಸದ್ದು ಬರಲಿಲ್ಲ.

ನಾನು ಒಳಗೆ ಹೋಗುವ ಮೊದಲು ಮಾವ ಹೊಸ ಕಾನೂನು ಹೇಳಿದರು. ‘ಇದನ್ನ ಮೊದಲು ಹಾರಿಸೋದು ಅವನು. ಅವನು ಸರಿಯಾಗಿ ವಾಪಸ್ ಬಂದ್ರೆ ಎರಡನೇ ಸಲ ಪಕ್ಕದ ಸೀಟಲ್ಲಿ ನೀನು. ಆ ಸೀಟಲ್ಲಿ ಕೂತಿದ್ದೀನಿ ಅಂತ ಅಂದ್ಕೊಂಡು ಕುಟ್ಟು.’

ನಿಮ್ಮ ವಿಮಾನದಲ್ಲಿ ಕೂರುವುದಕ್ಕೆ ನನಗೇನು ಹುಚ್ಚೇ ಅಂದೆ. ಹುಚ್ಚೇ ಅಂದರು. ಹೊಕ್ಕೆ.

ಮೊದಲನೆಯದು. ಟರ್ರ್. ಬೆರಳಾಡಿಸಿದೆ. ಒಂದು ಕೂದಲಿನಷ್ಟು ವಾರೆ. ತಪಾಸಣೆಯವರು ಒಪ್ಪುತ್ತಾರೆ. ಇವರೂ ಒಪ್ಪುತ್ತಾರೆ. ನಾನು ಕೂರುತ್ತೇನೆಯೆ?

ಮೂರು ಕುಟ್ಟಿದೆ. ಹೊರಗೆ ಬೈಗುಳ. ಹೊರಬಂದೆ, ಕೊರೆದು ತೆಗೆದೆ, ಮತ್ತೆ ಹೊಕ್ಕೆ. ಇನ್ನೊಂದು ಹೊಸದು ಕೂರಿಸಿದರು. ನಾನು ಗಟ್ಟಿಯನ್ನು ಎರಡು ಬೆರಳಲ್ಲಿ ಸರಿ ಮಾಡಿ, ಉಸಿರು ಹಿಡಿದು ಒತ್ತಿದೆ. ಟರ್ರ್.

ಬೆರಳಿಟ್ಟೆ. ದುಂಡಗಿತ್ತು. ಸುತ್ತಲೂ ಒಂದೇ ಸಮ, ಬಿಸಿ ಇನ್ನೂ ಆರಿರಲಿಲ್ಲ. ಅಡುಗೆಮನೆಯಲ್ಲಿ ಪೇಪರ್ ಮಡಚಿದ ಸದ್ದು. ಮಾವನ ಅಂಗೈ ತಗಡಿನ ಮೇಲೆ ಬಂದು ನಿಂತಿತು. ಸೀಟಿನಲ್ಲಿ ಕೂತೆ ಅಂದುಕೊಂಡೆ. ಬೆಲ್ಟು ಹಾಕಿಕೊಂಡೆ. ಗಟ್ಟಿ ಎತ್ತಿ ಒಂದು ಕುಟ್ಟಿದೆ.